ಗಂಗೋತ್ರಿ ಗ್ಲೇಡ್ಸ್

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಆವರಣದಲ್ಲಿರುವ ಕ್ರಿಕೆಟ್ ಮೈದಾನ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನವೆಂಬ ಅಧಿಕೃತ ನಾಮಧೇಯವನ್ನು ಇದು ತಳೆದಿದ್ದರೂ ಆಟಗಾರರ ಮತ್ತು ಪ್ರೇಕ್ಷಕರ ಬಾಯಲ್ಲಿ ಗಂಗೋತ್ರಿ ಗ್ಲೇಡ್ಸ್ ಎಂದೇ ನಿಂತುಬಿಟ್ಟಿದೆ. ಮಹಾನಗರದ ಕ್ರೀಡಾಂಗಣಗಳಿಗಿರುವ ಎತ್ತರದ ಗ್ಯಾಲರಿಗಳ ವೈಭವ ಇದಕ್ಕಿಲ್ಲ. ಸುತ್ತ ಮರಗಳಿಂದ ಕೂಡಿದ ವಿದ್ಯಾಲಯದ ಬಯಲಿದು. ಆದರೂ ಕನ್ನಡನಾಡಿನ ಕ್ರಿಕೆಟ್ ಚರಿತ್ರೆಯಲ್ಲಿ ಜನರು ಮರೆಯಲಾರದ ಒಂದು ದಿನವೂ, ಭಾರತದ ಮಹಿಳಾ ಕ್ರಿಕೆಟ್ಟಿನ ಚರಿತ್ರೆಯಲ್ಲಿ ಘನವಾದ ಒಂದು ಜಯವೂ ಈ ಬಯಲಿಗೆ ಸಂದಿರುವುದರಿಂದ, ಇದರ ವೃತ್ತಾಂತವು ಒಂದು ಊರಿನ ಮೈದಾನದ ವೃತ್ತಾಂತವಾಗಿಯಷ್ಟೇ ಉಳಿಯುವುದಿಲ್ಲ.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಗೊಂಡಿತು. ಕುಕ್ಕರಹಳ್ಳಿ ಕೆರೆಯ ಸಮೀಪದಲ್ಲಿ ಅದರ ಸ್ನಾತಕೋತ್ತರ ವಿಭಾಗಗಳಿಗಾಗಿ ರೂಪುಗೊಂಡ ವಿಸ್ತಾರವಾದ ಆವರಣಕ್ಕೆ ಮಾನಸಗಂಗೋತ್ರಿಯೆಂಬ ಹೆಸರನ್ನಿತ್ತವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು. ಮೈದಾನದ ಹೆಸರಿನ ಪೂರ್ವಾರ್ಧವು ಈ ಆವರಣದಿಂದಲೇ ಬಂದುದು. ಮೈಸೂರು ಸಂಸ್ಥಾನಕ್ಕೆ ಕ್ರಿಕೆಟ್ಟಿನ ಸಂಬಂಧವಾದರೋ ಇದಕ್ಕಿಂತ ಹಳೆಯದು. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕಿನಲ್ಲಿ ನಡೆದ ಮೊತ್ತಮೊದಲ ರಣಜಿ ಪಂದ್ಯದಲ್ಲಿ ಮದರಾಸಿಗೆ ಎದುರಾದುದು ಮೈಸೂರು ತಂಡವೇ. ಎರಡು ಇನಿಂಗ್ಸಿನಲ್ಲಿ 48 ಮತ್ತು 59 ರನ್ನುಗಳಿಗೆ ಕುಸಿದು, ಒಂದೇ ದಿನದಲ್ಲಿ ಇನಿಂಗ್ಸ್ ಮತ್ತು 23 ರನ್ನುಗಳಿಂದ ಸೋತ ಆ ತಂಡವು, ನಾಡು ಕರ್ನಾಟಕವೆಂದು ಪುನರ್ನಾಮಕರಣಗೊಂಡ ಮೇಲೆ ಹೊಸ ಹೆಸರಿನಲ್ಲಿ ಕಣಕ್ಕಿಳಿದು, 1973–74ರಲ್ಲಿ, ಹದಿನೈದು ವರ್ಷ ಎಡೆಬಿಡದೆ ಪಾರಿತೋಷಕವನ್ನು ಹಿಡಿದಿದ್ದ ಬೊಂಬಾಯಿಯನ್ನು ಉಪಾಂತ್ಯದಲ್ಲಿ ಮಣಿಸಿ ಪ್ರಥಮ ಬಾರಿಗೆ ರಣಜಿ ವಿಜೇತವಾಯಿತು. ಆದರೆ ಇಷ್ಟೂ ಕಾಲ ನಾಡಿನ ದೊಡ್ಡ ಪಂದ್ಯಗಳು ಬಹುಮಟ್ಟಿಗೆ ಬೆಂಗಳೂರಿನವೇ ಆಗಿದ್ದವು; ಮೊದಲು ಸೆಂಟ್ರಲ್ ಕಾಲೇಜಿನ ಮೈದಾನ, ಎಪ್ಪತ್ತರ ದಶಕದಿಂದೀಚೆಗೆ ಚಿನ್ನಸ್ವಾಮಿ ಕ್ರೀಡಾಂಗಣ. ರಾಜಧಾನಿಯ ಹೊರಗಿನವರಿಗೆ ಆಟವೆಂದರೆ ರೇಡಿಯೋದ ವೀಕ್ಷಕವಿವರಣೆ, ಮರುದಿನದ ಪತ್ರಿಕೆಯ ಅಂಕಪಟ್ಟಿ.

ಈ ಸ್ಥಿತಿಯನ್ನು ಮೈಸೂರಿನ ಮಟ್ಟಿಗೆ ಒಮ್ಮೆಲೇ ಬದಲಿಸಿದುದು 2010ರ ಜನವರಿ 11ರಿಂದ 14ರವರೆಗೆ ಇಲ್ಲಿ ನಡೆದ ರಣಜಿ ಅಂತಿಮ ಪಂದ್ಯ. ಎದುರಾಳಿ ಅದೇ ಮುಂಬಯಿ. ನಾಯಕ ವಾಸಿಂ ಜಾಫರ್. ಕರ್ನಾಟಕದ ನಾಯಕತ್ವ ರಾಬಿನ್ ಉತ್ತಪ್ಪನವರದು. ಮುಂಬಯಿಯು ಮೊದಲು 233 ರನ್ನುಗಳನ್ನು ಗಳಿಸಿ, ಆವಿಷ್ಕಾರ್ ಸಾಳ್ವಿಯವರು 31 ರನ್ನಿಗೆ ಐದು ವಿಕೆಟ್ಟುಗಳನ್ನು ಕಿತ್ತ ದೆಸೆಯಿಂದ ಕರ್ನಾಟಕವನ್ನು 130ಕ್ಕೆ ಕಟ್ಟಿಹಾಕಿತು. ಮರು ಇನಿಂಗ್ಸಿನಲ್ಲಿ ಆ ವರ್ಷವಷ್ಟೇ ರಣಜಿಗೆ ಕಾಲಿಟ್ಟಿದ್ದ ಅಭಿಮನ್ಯು ಮಿಥುನ್ 71 ರನ್ನಿಗೆ ಆರು ವಿಕೆಟ್ ಗಳಿಸಿದರೂ ಮುಂಬಯಿಯ ಮೊತ್ತ 234ಕ್ಕೆ ಮುಟ್ಟಿ, ಕರ್ನಾಟಕದ ಮುಂದೆ 338 ರನ್ನುಗಳ ಗುರಿ ನಿಂತಿತು. ಪಂದ್ಯದ ಯಾವ ಇನಿಂಗ್ಸೂ 250ನ್ನು ಕಾಣದಿದ್ದ ಆ ಅಂಕಣದ ಮೇಲೆ ಅದು ಅಸಾಧ್ಯವೆಂದೇ ತೋರತಕ್ಕ ಗುರಿ.

ಮೊದಲ ಮೂರು ವಿಕೆಟ್ ಬೇಗನೆ ಉರುಳಿದ ಮೇಲೆ ಜೊತೆಗೂಡಿದವರು ಮನೀಷ್ ಪಾಂಡೆ ಮತ್ತು ಗಣೇಶ್ ಸತೀಶ್, ಇಬ್ಬರೂ ಎಳೆಯರು. ಅವರ ಜೊತೆಯಾಟ 200ನ್ನು ದಾಟಿತು. ಕೊನೆಯ ದಿನ ಮಕರ ಸಂಕ್ರಾಂತಿ. ಎಳ್ಳು ಬೀರುವ ಹಬ್ಬದ ದಿನವೇ ಊರಿಗೆ ಊರೇ ಮಾನಸಗಂಗೋತ್ರಿಯತ್ತ ಹೊರಟಿತೆಂದರೆ ಅತಿಶಯೋಕ್ತಿಯಾಗದು. ನೆಲದ ಮೇಲೆ ಜಾಗ ಸಾಲದೆ ಜನರು ಮರಗಳನ್ನೇರಿ ಕುಳಿತರು. ಪ್ರತಿ ಹೊಡೆತಕ್ಕೂ ಕೂಗು, ಪ್ರತಿ ಓವರಿಗೂ ಇನ್ನೆಷ್ಟು ಬೇಕೆಂಬ ಲೆಕ್ಕ. ಪಾಂಡೆ 144 ರನ್ನು ಗಳಿಸಿ, ಸತೀಶ್ 75 ಗಳಿಸಿ ನಿರ್ಗಮಿಸಿದ ತರುವಾಯ ಅಜಿತ್ ಅಗರ್ಕರರ ಅನುಭವವು ಫಲಿಸತೊಡಗಿತು. 81 ರನ್ನಿಗೆ ಐದು ವಿಕೆಟ್ ಅವರ ಪಾಲಾದವು. ಆದರೂ ಬಾಲಂಗೋಚಿಗಳು ಬಿಡದೆ ಹೋರಾಡಿ ಗುರಿಯನ್ನು ಒಂದಂಕಿಗೆ ತಂದು ನಿಲ್ಲಿಸಿದರು. ಕೊನೆಯ ವಿಕೆಟ್ ಬಿದ್ದಾಗ ಮೊತ್ತ 331. ಆರೇ ಆರು ರನ್ನುಗಳ ಅಂತರದಿಂದ ಮುಂಬಯಿ ತನ್ನ 39ನೆಯ ರಣಜಿ ಪಾರಿತೋಷಕವನ್ನು ಗೆದ್ದಿತು. ಕರ್ನಾಟಕವು ಅನಂತರ ಗೆದ್ದ ಅಂತಿಮ ಪಂದ್ಯಗಳು ಹೈದರಾಬಾದಿನಲ್ಲಿಯೂ ಮುಂಬಯಿಯಲ್ಲಿಯೂ ನಡೆದವು; ಅವುಗಳಿಗಿಂತ ಈ ಸೋಲೇ ಜನರ ನೆನಪಿನಲ್ಲಿ ಹೆಚ್ಚು ಹಸಿಯಾಗಿದೆಯೆಂಬುದು ಈ ಲೇಖಕನ ನಂಬಿಕೆ. ಪರದೆಯ ಮೇಲೆ ಕಂಡ ಗೆಲುವಿಗೂ ಕೂಗಳತೆಯಲ್ಲಿ ನಿಂತು ಕಂಡ ಸೋಲಿಗೂ ಅಷ್ಟು ಅಂತರವುಂಟು.

ಆ ದಿನ ಸೋತವರ ಪೈಕಿ ದಾವಣಗೆರೆಯ ವೇಗದ ಬೌಲರ್ ಆರ್. ವಿನಯ್ ಕುಮಾರ್ ಒಬ್ಬರು. 1997ರಿಂದ 2018ರವರೆಗೆ ನಮ್ಮ ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿದ್ದಿತಾಗಿ, ಅವರು ನಮ್ಮ ಸೀಮೆಯವರಿಗೆ ಸ್ವಂತ ಜಿಲ್ಲೆಯ ಆಟಗಾರರೇ ಆಗಿದ್ದರು. 2013–14 ಮತ್ತು 2014–15ರಲ್ಲಿ ಕರ್ನಾಟಕವು ಸತತವಾಗಿ ರಣಜಿ ಗೆದ್ದಾಗ ತಂಡವನ್ನು ನಡೆಸಿದವರು ಅವರೇ.

2014ರ ನವೆಂಬರ್ 16ರಿಂದ 19ರವರೆಗೆ ಭಾರತ ಮತ್ತು ದಕ್ಷಿಣ ಆಫ್ರಿಕದ ಮಹಿಳೆಯರ ಟೆಸ್ಟ್ ಪಂದ್ಯವು ಇಲ್ಲಿ ಜರುಗಿತು. ತಿರುಷ್ ಕಾಮಿನಿ 192, ಪೂನಂ ರಾವುತ್ 130 ರನ್ನು ಗಳಿಸಿ, ಮಿಥಾಲಿ ರಾಜ್ ನಾಯಕತ್ವದ ಭಾರತವು ಆರು ವಿಕೆಟ್ಟಿಗೆ 400ಕ್ಕೆ ಡಿಕ್ಲೇರ್ ಮಾಡಿಕೊಂಡಿತು. ಹರ್ಮನ್‌ಪ್ರೀತ್ ಕೌರ್ ಒಂಬತ್ತು ವಿಕೆಟ್ ಪಡೆದರು. ದಕ್ಷಿಣ ಆಫ್ರಿಕವು 234ಕ್ಕೂ 132ಕ್ಕೂ ಉರುಳಿ, ಇನಿಂಗ್ಸ್ ಮತ್ತು 34 ರನ್ನುಗಳ ಜಯ ಭಾರತಕ್ಕೆ ದೊರೆಯಿತು. ವಿಜಯಪುರ ಸೀಮೆಯ ರಾಜೇಶ್ವರಿ ಗಾಯಕವಾಡರ ಟೆಸ್ಟ್ ಪ್ರವೇಶವಾದುದೂ ಈ ಪಂದ್ಯದಲ್ಲಿಯೇ. ಇಂಥ ಜಯವನ್ನು ಗಳಿಸಿದ ತಂಡಕ್ಕೆ ಮತ್ತೊಂದು ಟೆಸ್ಟ್ ಆಡುವ ಅವಕಾಶ ಬಂದುದು 2021ರ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ಏಳು ವರ್ಷಗಳಿಗೆ ಸಮೀಪವಾದ ಈ ಕಾಯುವಿಕೆಯು ಆ ಆಟಗಾರ್ತಿಯರಿಗೆ ಆದ ಅನ್ಯಾಯವೆಂದು ಬರೆಯಲು ಸಂಕೋಚಪಡಬೇಕಾಗಿಲ್ಲ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಪ್ರಧಾನ ಲೀಗಿನ ಕೆಳಗೆ ಸಣ್ಣ ಊರುಗಳ ಕಿರಿಯ ಲೀಗುಗಳುಂಟು. ನಮ್ಮಲ್ಲಿ ಅದಕ್ಕೆ ಹತ್ತಿರವಾದುದು 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್. ದಾವಣಗೆರೆ, ಬಿಜಾಪುರ, ಬೆಳಗಾವಿ, ಅನಂತರ ಬಳ್ಳಾರಿ, ಹೀಗೆ ಜಿಲ್ಲೆಗಳ ಹೆಸರು ಹೊತ್ತ ತಂಡಗಳು ಹುಟ್ಟಿಕೊಂಡವು. 2019ರ ಆಗಸ್ಟ್ 31ರಂದು ಈ ಲೀಗಿನ ಅಂತಿಮ ಪಂದ್ಯ ಗಂಗೋತ್ರಿ ಗ್ಲೇಡ್ಸಿನಲ್ಲಿ ನಡೆದು, ಹುಬ್ಬಳ್ಳಿ ಟೈಗರ್ಸ್ ಎಂಟು ರನ್ನುಗಳಿಂದ ಬಳ್ಳಾರಿ ಟಸ್ಕರ್ಸನ್ನು ಸೋಲಿಸಿತು. ಅಷ್ಟರಲ್ಲಿ ಹರಪನಹಳ್ಳಿ ಮರಳಿ ಬಳ್ಳಾರಿಗೆ ಸೇರಿತ್ತು. ಗೆದ್ದ ಹುಬ್ಬಳ್ಳಿಯ ನಾಯಕರಾದರೋ ಅದೇ ವಿನಯ್ ಕುಮಾರ್. ಒಂಬತ್ತು ವರ್ಷಗಳ ಹಿಂದೆ ಆರು ರನ್ನುಗಳಿಂದ ಕೈತಪ್ಪಿದ ಮೈದಾನದಲ್ಲಿಯೇ ಅವರು ಪಾರಿತೋಷಕವನ್ನೆತ್ತಿದರು. ಹರಪನಹಳ್ಳಿ, ಕೊಟ್ಟೂರು, ಹಡಗಲಿಗಳ ಹುಡುಗರು ಯಾವ ಕಡೆ ನಿಂತು ಚಪ್ಪಾಳೆ ತಟ್ಟಬೇಕೆಂಬ ಧರ್ಮಸಂಕಟಕ್ಕೆ ಸಿಲುಕುವಂತಹ ಪಂದ್ಯವದು. ಅನಂತರದ ತಿಂಗಳುಗಳಲ್ಲಿ ಮೋಸದಾಟದ ಆರೋಪಗಳು ಹೊರಬಿದ್ದು ಆ ಲೀಗ್ ನಿಂತುಹೋಯಿತು.

ಮೈದಾನಕ್ಕೆ ಈಗ ಹೆಸರಾಗಿರುವ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರು 2010ರ ಅಂತಿಮ ಪಂದ್ಯದ ಕಾಲಕ್ಕೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದು, ಆ ಸ್ಥಾನಕ್ಕೆ ಪುನಃ ಆಯ್ಕೆಯಾದ ಕೆಲವೇ ದಿನಗಳಲ್ಲಿ, 2013ರ ಡಿಸೆಂಬರ್ 10ರಂದು ದಿವಂಗತರಾದರು. ಅವರ ಸ್ಮರಣೆಯಲ್ಲಿ 2022ರಲ್ಲಿ ಮೊದಲಾದ ಮಹಾರಾಜ ಟ್ರೋಫಿಯ ಪ್ರಥಮ ಪಂದ್ಯಗಳು ಇಲ್ಲಿಯೇ ನಡೆದವು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಮಡಿದ ಬಳಿಕ ಆ ವರ್ಷದ ಪಂದ್ಯಾವಳಿಯು ರಾಜಧಾನಿಯನ್ನು ಬಿಟ್ಟು ಗಂಗೋತ್ರಿ ಗ್ಲೇಡ್ಸಿಗೆ ಬಂದಿತು. ಆಗಸ್ಟ್ ಕೊನೆಯಲ್ಲಿ ಹುಬ್ಬಳ್ಳಿ ಟೈಗರ್ಸನ್ನು ಹಿಂದಿಕ್ಕಿ ಮಂಗಳೂರು ಡ್ರಾಗನ್ಸ್ ವಿಜೇತವಾಯಿತು.