ಅಗಲ ಪರದೆಯ ಮಾನಿಟರ್: ಮಲೆನಾಡಿನ ಮನೆಗೆ ಯಾವುದು ಹಿತ?

ಸಾಗರ ಪೇಟೆಗೆ ಸಮೀಪದಲ್ಲಿರುವ ವರದಹಳ್ಳಿಯನ್ನು ನಾಡಿನ ಬಹುಪಾಲು ಜನ ಬಲ್ಲುದು ಶ್ರೀಧರ ಸ್ವಾಮಿಗಳ ಆಶ್ರಮದ ಮೂಲಕ. ಆದರೆ ಆಶ್ರಮದ ಆಸುಪಾಸಿನ ಅಡಿಕೆ ತೋಟಗಳ ನಡುವೆಯೂ, ಆಚೆ ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಒಂಟಿ ಮನೆಗಳಲ್ಲಿಯೂ ಕಂಪ್ಯೂಟರ್ ಈಗ ಅಪರೂಪದ ವಸ್ತುವಲ್ಲ. 2020ರ ಲಾಕ್‌ಡೌನ್ ಸಮಯದಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದ ಉದ್ಯೋಗಿಗಳು ಜಗುಲಿಯ ಮೂಲೆಯನ್ನೇ ಕಚೇರಿಯಾಗಿಸಿಕೊಂಡರು. ಅವರಲ್ಲಿ ಕೆಲವರು ಇಂದಿಗೂ ತಿಂಗಳಲ್ಲಿ ಒಂದಷ್ಟು ದಿನ ಅಲ್ಲಿಂದಲೇ ಕೆಲಸ ಮಾಡುತ್ತಾರೆ. ಲ್ಯಾಪ್‌ಟಾಪಿನ ಕಿರುಪರದೆಯಲ್ಲಿ ಕಣ್ಣು ದಣಿದಾಗ, ಅಥವಾ ಅಪ್ಪ ಬಳಸುತ್ತಿದ್ದ ಹಳೆಯ ಡೆಸ್ಕ್‌ಟಾಪಿನ ಪರದೆ ಮಂಕಾದಾಗ, ಅಗಲ ಪರದೆಯ ತೆಳು ಮಾನಿಟರೊಂದನ್ನು ಕೊಳ್ಳುವ ಯೋಚನೆ ಬರುತ್ತದೆ.

ತೊಡಕು ಇರುವುದು ಇಲ್ಲಿಯೇ. ಮಾನಿಟರ್ ಆಯ್ಕೆಯ ಕುರಿತು ದೊರೆಯುವ ಸಲಹೆಗಳೆಲ್ಲ ನಗರದ ಮನೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಇಂಚು ಎಷ್ಟು, ಬಣ್ಣ ಎಷ್ಟು, ಆಟಕ್ಕೆ ವೇಗ ಎಷ್ಟು ಎಂಬುದಷ್ಟೇ ಅವುಗಳ ಲೆಕ್ಕ. ಸಿಡಿಲು, ಇಳಿವೋಲ್ಟೇಜು, ನಾಲ್ಕು ತಿಂಗಳ ಥಂಡಿ ಹಾಗೂ ಕನ್ನಡದ ಒತ್ತಕ್ಷರ ಆ ಲೆಕ್ಕದಲ್ಲಿ ಬರುವುದಿಲ್ಲ. ಮಲೆನಾಡಿನ ಮನೆಯಲ್ಲಿ ಮಾನಿಟರ್ ಐದಾರು ವರ್ಷ ಬಾಳುವುದೋ ಮೊದಲ ಮಳೆಗಾಲದಲ್ಲೇ ಕಣ್ಣುಮುಚ್ಚುವುದೋ ಎಂಬುದನ್ನು ನಿರ್ಧರಿಸುವುದು ಇವೇ.

ಇಂಚಿನ ಮೋಸ

ಮಾನಿಟರಿನ ಅಳತೆಯನ್ನು ಮೂಲೆಯಿಂದ ಮೂಲೆಗೆ ಹೇಳುವುದು ರೂಢಿ. ಪರದೆ ಅಗಲವಾದಷ್ಟೂ ಈ ಅಳತೆ ಗ್ರಾಹಕನನ್ನು ದಾರಿ ತಪ್ಪಿಸುತ್ತದೆ. 2000ದ ದಶಕದಲ್ಲಿ ಬಂದ 19 ಇಂಚಿನ 5:4 ಮಾನಿಟರಿನ ಎತ್ತರ ಸುಮಾರು 30.1 ಸೆಂ.ಮೀ. ಇಂದು ಅಂಗಡಿಯಲ್ಲಿ ದೊರೆಯುವ 21.5 ಇಂಚಿನ 16:9 ಪರದೆಯ ಎತ್ತರ 26.8 ಸೆಂ.ಮೀ. ಮಾತ್ರ. ಇಂಚು ಹೆಚ್ಚಿದೆ, ಎತ್ತರ ಕುಗ್ಗಿದೆ. ಹಳೆಯದನ್ನು ಬದಲಿಸಿ ಹೊಸತನ್ನು ತಂದವರು, ಪುಟ ಓದಲು ಮೊದಲಿಗಿಂತ ಹೆಚ್ಚು ಸರಿಸಬೇಕಾಗಿದೆ ಎಂದು ದೂರುವುದು ಇದಕ್ಕೇ.

ಅಗಲ ಪರದೆಗಳು ಮೊದಲು ಜನಪ್ರಿಯವಾದಾಗ ಅವುಗಳ ಆಕಾರ 16:10 ಆಗಿತ್ತು. 1440x900 ಹಾಗೂ 1680x1050 ಪಿಕ್ಸೆಲ್‌ಗಳ ಪರದೆಗಳು ಆ ಕಾಲದವು. 2008ರಿಂದೀಚೆಗೆ ತಯಾರಕರು ಟಿ.ವಿ.ಯ ಆಕಾರವಾದ 16:9ಕ್ಕೆ ಹೊರಳಿದರು. ಅದರ ಹಿಂದಿದ್ದುದು ಮುಖ್ಯವಾಗಿ ಪ್ಯಾನೆಲ್ ತಯಾರಿಕೆಯ ಉಳಿತಾಯವೇ ಹೊರತು ಓದುವವರ ಅನುಕೂಲವಲ್ಲ. 16:10 ಆಕಾರದ 24 ಇಂಚಿನ ಮಾನಿಟರುಗಳು ಈಗಲೂ ದೊರೆಯುತ್ತವೆ. ಬೆಲೆ ತುಸು ಹೆಚ್ಚಾದರೂ ಬರೆಯುವ, ಲೆಕ್ಕ ಬರೆಯುವ ಕೆಲಸದವರಿಗೆ ಅವು ಹೆಚ್ಚು ಒಗ್ಗುತ್ತವೆ.

ಅಂಗಡಿಯಲ್ಲಿ ಮಾಡಬಹುದಾದ ಸುಲಭದ ಪರೀಕ್ಷೆಯೊಂದಿದೆ. ಒಂದು ಎ4 ಹಾಳೆಯನ್ನು ಪರದೆಯ ಮುಂದೆ ನೆಟ್ಟಗೆ ಹಿಡಿಯಬೇಕು. ಹಾಳೆಯ ಎತ್ತರ 29.7 ಸೆಂ.ಮೀ. 24 ಇಂಚಿನ 16:9 ಪರದೆ 53.1 ಸೆಂ.ಮೀ. ಅಗಲ, 29.9 ಸೆಂ.ಮೀ. ಎತ್ತರವಿರುವುದರಿಂದ ಹಾಳೆ ಅದರಲ್ಲಿ ಸರಿಯಾಗಿ ಕೂರುತ್ತದೆ. ಪಕ್ಕದಲ್ಲಿ ಇನ್ನೊಂದು ಹಾಳೆಗೂ ಎಡೆ ಉಳಿಯುತ್ತದೆ. 21.5 ಇಂಚಿನಲ್ಲಿ ಹಾಳೆಯ ತಲೆಯೋ ಬುಡವೋ ಹೊರಗೆ ಉಳಿಯುತ್ತದೆ. ಮನೆಬಳಕೆಗೆ 24 ಇಂಚು ಕನಿಷ್ಠ ಎಂದು ಹೇಳಲು ಇಷ್ಟೇ ಕಾರಣ ಸಾಕು. ಈ ಅಳತೆಯ ಸಾಧಾರಣ ಮಾನಿಟರುಗಳು ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. 32 ಇಂಚಿಗಿಂತ ದೊಡ್ಡ ಮಾನಿಟರುಗಳ ಮೇಲಿದ್ದ ಶೇ. 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ; ಸಣ್ಣವುಗಳಿಗೆ ಮೊದಲೇ ಶೇ. 18 ಇದ್ದುದರಿಂದ ಅವುಗಳ ತೆರಿಗೆಯಲ್ಲಿ ವ್ಯತ್ಯಾಸವಾಗಿಲ್ಲ.

'ದನ' ಮತ್ತು 'ಧನ'

ಕನ್ನಡ ಓದುವವರು ಇಂಚಿನೊಡನೆ ಪಿಕ್ಸೆಲ್‌ಗಳನ್ನೂ ಎಣಿಸಬೇಕು. ಇಂಗ್ಲಿಷ್ ಅಕ್ಷರಗಳು ಒಂದು ಸಾಲಿನಲ್ಲಿ ಕುಳಿತುಬಿಡುತ್ತವೆ. ಕನ್ನಡದಲ್ಲಿ ಹಾಗಲ್ಲ: ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ, ಕೆಲವೊಮ್ಮೆ ಒತ್ತಿಗೂ ಒಂದು ಒತ್ತು. ಅಷ್ಟೇ ಎತ್ತರದ ಸಾಲಿನಲ್ಲಿ ಇಷ್ಟೆಲ್ಲ ಹಿಡಿಸಬೇಕಾದುದರಿಂದ ಪ್ರತಿಯೊಂದಕ್ಕೂ ದೊರೆಯುವ ಪಿಕ್ಸೆಲ್‌ಗಳು ಕಡಿಮೆ. ಮಹಾಪ್ರಾಣವನ್ನು ತೋರಿಸುವ ಸಣ್ಣ ಸೀಳಂತೂ ಒಂದೆರಡು ಪಿಕ್ಸೆಲ್‌ಗಳ ಮಾತು. ಅದು ಮಸುಕಾದರೆ 'ಧನ' ಹೋಗಿ 'ದನ'ವಾಗುತ್ತದೆ.

1920x1080 ಪಿಕ್ಸೆಲ್‌ಗಳನ್ನು 24 ಇಂಚಿನಲ್ಲಿ ಹರಡಿದರೆ ಪ್ರತಿ ಇಂಚಿಗೆ ಸುಮಾರು 92 ಪಿಕ್ಸೆಲ್ ಬರುತ್ತವೆ. ಅಷ್ಟೇ ಪಿಕ್ಸೆಲ್‌ಗಳನ್ನು 27 ಇಂಚಿಗೆ ಎಳೆದರೆ 82ಕ್ಕೆ ಇಳಿಯುತ್ತದೆ; ಅಕ್ಷರ ದೊಡ್ಡದಾಗುತ್ತದೆಯಾದರೂ ಅಂಚು ಒರಟಾಗುತ್ತದೆ. 27 ಇಂಚು ಬೇಕೆನ್ನುವವರು 2560x1440 ಪಿಕ್ಸೆಲ್‌ನದ್ದನ್ನೇ ಕೊಳ್ಳುವುದು ಲೇಸು; ಅದರಲ್ಲಿ ಇಂಚಿಗೆ 109 ಪಿಕ್ಸೆಲ್. ಹಣಕ್ಕೆ ಅಡ್ಡಿಯಿಲ್ಲದವರಿಗೆ 27 ಇಂಚಿನ 4ಕೆ ಪರದೆ ಇಂಚಿಗೆ 163 ಪಿಕ್ಸೆಲ್ ಕೊಡುತ್ತದೆ. ಕನ್ನಡದ ಅಕ್ಷರ ಅದರಲ್ಲಿ ಮುದ್ರಿತ ಪುಸ್ತಕದ ಅಂದಕ್ಕೆ ಹತ್ತಿರ ಬರುತ್ತದೆ. ಆದರೆ ಹಳೆಯ ಕಂಪ್ಯೂಟರು ಅಷ್ಟು ಪಿಕ್ಸೆಲ್‌ಗಳನ್ನು ತುಂಬಿಸಲಾರದೆ ಹೋಗಬಹುದು. ಎಚ್‌ಡಿಎಂಐ 1.4 ಕಿಂಡಿಯಿರುವ ಯಂತ್ರದಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುತ್ತದೆ. ಮೌಸ್ ತಡವರಿಸಿದಂತೆ ಭಾಸವಾಗುತ್ತದೆ.

ಕೊಳ್ಳುವ ಮುನ್ನ ಅಂಗಡಿಯಲ್ಲಿ ಜಾಹೀರಾತಿನ ಹೂವು, ಹಕ್ಕಿಗಳ ಚಿತ್ರ ನೋಡಿ ಮರುಳಾಗದೆ, ಕನ್ನಡದ ಯಾವುದಾದರೂ ಸುದ್ದಿಪುಟ ತೆರೆಯಲು ಕೇಳಬೇಕು. 'ಸ್ವಾತಂತ್ರ್ಯ', 'ಸಾಮರ್ಥ್ಯ', 'ರಾಷ್ಟ್ರ'ದಂಥ ಪದಗಳ ಒತ್ತುಗಳು ತೋಳಳತೆಯ ದೂರದಿಂದ ಬೇರೆಬೇರೆಯಾಗಿ ಕಂಡರೆ ಪರದೆ ಪಾಸಾದಂತೆ. ಪರದೆಯನ್ನು ಅದರ ಸಹಜ ಪಿಕ್ಸೆಲ್ ಸಂಖ್ಯೆಯಲ್ಲೇ ಇರಿಸಿರಬೇಕು. ಅಕ್ಷರ ದೊಡ್ಡದಾಗಲಿ ಎಂದು ಪಿಕ್ಸೆಲ್ ಸಂಖ್ಯೆಯನ್ನೇ ತಗ್ಗಿಸುವುದು ಅನೇಕರ ಅಭ್ಯಾಸ. ಇದರಿಂದ ಇಡೀ ಪುಟ ಮಸುಕಾಗುತ್ತದೆ. ವಿಂಡೋಸ್‌ನ ಸ್ಕೇಲಿಂಗ್ ಸೌಲಭ್ಯವನ್ನು ಶೇ. 125ಕ್ಕೆ ಏರಿಸುವುದು ಸರಿಯಾದ ದಾರಿ. ವಿಜಿಎ ಕೇಬಲ್ ಬಳಸಿ ಪರೀಕ್ಷಿಸುವುದೂ ಬೇಡ.

ಮೂವತ್ತೆರಡು ಇಂಚಿನ ಅಗ್ಗದ ಟಿ.ವಿ.ಯನ್ನೇ ಮಾನಿಟರಾಗಿ ಬಳಸಬಹುದಲ್ಲವೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. 1366x768 ಪಿಕ್ಸೆಲ್‌ನ ಅಂಥ ಟಿ.ವಿ.ಯಲ್ಲಿ ಇಂಚಿಗೆ ಇರುವುದು 49 ಪಿಕ್ಸೆಲ್. ಯಕ್ಷಗಾನದ ವಿಡಿಯೋ ನೋಡಲು ಅಡ್ಡಿಯಿಲ್ಲ, ಓದಲು ಸಲ್ಲದು.

ಯಾವ ಪ್ಯಾನೆಲ್?

ಇದನ್ನು ದೀರ್ಘವಾಗಿ ಚರ್ಚಿಸುವ ಅಗತ್ಯವಿಲ್ಲ. ಟಿಎನ್, ವಿಎ, ಐಪಿಎಸ್ ಎಂಬ ಮೂರು ಬಗೆಗಳಲ್ಲಿ ಮನೆಗೆ ಐಪಿಎಸ್ ಹೆಚ್ಚು ಸೂಕ್ತ. ಪಕ್ಕದಿಂದ, ಕೆಳಗಿನಿಂದ ನೋಡಿದರೂ ಅದರ ಬಣ್ಣ ಹೆಚ್ಚು ಕೆಡುವುದಿಲ್ಲ. ನಾಲ್ಕು ಜನ ಸುತ್ತ ಕುಳಿತು ನೋಡುವ ಮನೆಗಳಿಗೆ ಇದು ಮುಖ್ಯ. ವಿಎ ಪರದೆಯಲ್ಲಿ ಕಪ್ಪು ಗಾಢ. ಆದರೆ ಅಗ್ಗದವುಗಳಲ್ಲಿ ಪುಟ ಸರಿಸುವಾಗ ಅಕ್ಷರ ಬಾಲ ಬಿಟ್ಟಂತೆ ಕಾಣುವುದುಂಟು. 'ಎಲ್‌ಇಡಿ ಮಾನಿಟರ್' ಎಂಬ ಹೆಸರು ಹಿಂಬದಿಯ ದೀಪವನ್ನಷ್ಟೇ ಹೇಳುತ್ತದೆ, ಪ್ಯಾನೆಲ್ ಎಲ್‌ಸಿಡಿಯೇ. ಬಾಗಿದ ಪರದೆ, 144 ಹರ್ಟ್ಸ್ ಮುಂತಾದವು ಆಟವಾಡುವವರ ವಿಷಯ.

ಹೊಳಪಿನ ಗಾಜಿನಂಥ ಪರದೆಗಿಂತ ಮ್ಯಾಟ್ ಪರದೆ ಒಳ್ಳೆಯದು. ಹೆಂಚಿನ ಮನೆಯ ಒಳಭಾಗ ಮಬ್ಬು; ಮಾಡಿನ ಗಾಜಿನ ಹೆಂಚಿನಿಂದಲೋ ಜಗುಲಿಯ ಕಡೆಯಿಂದಲೋ ಒಂದೇ ದಿಕ್ಕಿನ ತೀಕ್ಷ್ಣ ಬೆಳಕು ಬೀಳುತ್ತದೆ. ಹೊಳಪಿನ ಪರದೆಯಲ್ಲಿ ಆ ಬೆಳಕೇ ಪ್ರತಿಬಿಂಬಿಸಿ ಅಕ್ಷರವನ್ನು ನುಂಗುತ್ತದೆ. ಬಾಗಿಲಿಗೆ ಅಡ್ಡಲಾಗಿ ಮೇಜು ಹಾಕಿ, ಬೆಳಕು ಪಕ್ಕದಿಂದ ಬೀಳುವಂತೆ ನೋಡಿಕೊಂಡರೆ 250 ನಿಟ್ಸ್ ಪ್ರಕಾಶ ಧಾರಾಳವಾಯಿತು.

ಸಿಡಿಲಿನ ಲೆಕ್ಕ

ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಕಾರ್ಯಾರಂಭ ಮಾಡಿತು. ಬಳಿಕ ಬಂದ 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ದಶಕಗಳ ಕಾಲ ರಾಜ್ಯವನ್ನು ಬೆಳಗಿದೆ. ಅದೇ ಸಾಗರ ಸೀಮೆಯ ಹಳ್ಳಿಗಳಲ್ಲಿ ಒಂದು ಗಾಳಿಮಳೆಗೆ ಕರೆಂಟು ಹೋದರೆ ಮತ್ತೆ ಯಾವಾಗ ಬರುವುದೋ ಎಂದು ಕಾಯುವ ಸ್ಥಿತಿ. ಕಾಡಿನ ನಡುವೆ ಹಾದುಬರುವ ಉದ್ದನೆಯ ತಂತಿ, ಅದರ ಮೇಲೆ ಒರಗುವ ಮರಗಳು ಮೆಸ್ಕಾಂ ಸಿಬ್ಬಂದಿಗೂ ತಲೆನೋವೇ.

ಮಾನಿಟರಿಗೆ ಅಪಾಯ ಮೂರು ಬಗೆಯಲ್ಲಿ ಬರುತ್ತದೆ. ವೋಲ್ಟೇಜ್ ಇಳಿಯುವುದು ಇವುಗಳಲ್ಲಿ ಸಾಧುವಾದದ್ದು. ಇಂದಿನ ಬಹುತೇಕ ಮಾನಿಟರುಗಳು 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುತ್ತವೆ. ತೋಟದ ಪಂಪುಗಳೆಲ್ಲ ಒಮ್ಮೆಗೇ ಓಡಿ ವೋಲ್ಟೇಜ್ 170ಕ್ಕೆ ಇಳಿದರೂ ಪರದೆ ಅಳುಕುವುದಿಲ್ಲ. ಸ್ಟೆಬಿಲೈಜರ್‌ಗೆ ಹಣ ಸುರಿಯುವ ಅಗತ್ಯವಿಲ್ಲ. ಎರಡನೆಯದು, ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದಾಗ 230 ವೋಲ್ಟ್ ಇರಬೇಕಾದಲ್ಲಿ 400ರ ಸಮೀಪದವರೆಗೂ ನುಗ್ಗುವುದು. ವೋಲ್ಟೇಜ್ ಮಿತಿ ಮೀರಿದೊಡನೆ ಸಂಪರ್ಕ ಕಡಿಯುವ ಸಾಧನವನ್ನು ಮನೆಯ ಮೀಟರ್ ಬೋರ್ಡಿನ ಬಳಿ ಹಾಕಿಸಿದರೆ ಮಾನಿಟರಷ್ಟೇ ಅಲ್ಲ, ಫ್ರಿಜ್ಜೂ ಉಳಿಯುತ್ತದೆ. ಸಾಮಾನ್ಯ ಎಂಸಿಬಿಗೆ ಈ ಶಕ್ತಿಯಿಲ್ಲ.

ಮೂರನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಹಾಗೂ ಮುಂಗಾರು ಮುಗಿದ ಮೇಲಿನ ಸಂಜೆಮಳೆ ಇದರ ಕಾಲ. ದೂರದಲ್ಲೆಲ್ಲೋ ಬಿದ್ದ ಸಿಡಿಲಿನ ಹೊಡೆತ ವಿದ್ಯುತ್ ತಂತಿಯ ಮೂಲಕವೂ ತಾಮ್ರದ ದೂರವಾಣಿ ತಂತಿಯ ಮೂಲಕವೂ ಒಳನುಗ್ಗುತ್ತದೆ. ಇಂಟರ್‌ನೆಟ್ ಈಗ ಫೈಬರ್‌ನಲ್ಲಿ ಬಂದರೆ ಆ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯದು. ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆಂಬುದನ್ನು ಮರೆಯುವಂತಿಲ್ಲ. 'ಸ್ಪೈಕ್ ಗಾರ್ಡ್' ಎಂದು ಮಾರುವ ಪೆಟ್ಟಿಗೆಗಳಲ್ಲಿ ಹಲವು ಬರಿಯ ಉದ್ದ ವೈರಿನ ಸಾಕೆಟ್‌ಗಳು. ನಿಜವಾದ ಸರ್ಜ್ ರಕ್ಷಕವಾದರೂ ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಪೂರ್ಣ ರಕ್ಷಣೆ ನೀಡಲಾರದು. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗುವುದರಿಂದ ಮಳೆಗೆ ಮುಂಚೆಯೇ ಎಲೆಕ್ಟ್ರಿಷಿಯನ್‌ನಿಂದ ಅಳೆಸಿ, ಬೇಕಿದ್ದರೆ ನೀರು, ಉಪ್ಪು, ಇದ್ದಿಲು ಕೊಡಿಸುವುದು ಉತ್ತಮ. ಗುಡುಗು ಕೇಳಿದೊಡನೆ ಪ್ಲಗ್ ಕೀಳುವುದಕ್ಕೆ ಸಮನಾದ ಉಪಾಯ ಇನ್ನೊಂದಿಲ್ಲ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ತೀರ ಸಮೀಪಿಸಿದ ಮೇಲೆ ತಂತಿ ಮುಟ್ಟಲು ಹೋಗಬಾರದು.

ಇಲ್ಲಿ ಗಮನಿಸಲೇಬೇಕಾದ ಅಂಶವೊಂದಿದೆ. ಕೆಲವು ಮಾನಿಟರುಗಳಲ್ಲಿ ವಿದ್ಯುತ್ ಘಟಕ ಪರದೆಯ ಒಳಗೇ ಇರುತ್ತದೆ, ಕೆಲವುಗಳಲ್ಲಿ ಲ್ಯಾಪ್‌ಟಾಪಿನಂತೆ ಹೊರಗಿನ ಅಡಾಪ್ಟರ್ ಇರುತ್ತದೆ. ನಗರದಲ್ಲಿ ಈ ಹೊರಗಿನ ಇಟ್ಟಿಗೆ ಕಿರಿಕಿರಿ ಎನಿಸಬಹುದು. ಮಲೆನಾಡಿನಲ್ಲಿ ಅದೇ ವರ. ಹೊಡೆತ ಬಿದ್ದಾಗ ಎಷ್ಟೋ ಬಾರಿ ಅಡಾಪ್ಟರ್ ತಾನು ಸುಟ್ಟು ಪರದೆಯನ್ನು ಉಳಿಸುತ್ತದೆ. ಕಡಿಮೆ ಬೆಲೆಗೆ ಬೇರೆ ತಂದರಾಯಿತು. ಒಳಗಿನ ಘಟಕ ಸುಟ್ಟರೆ ಮಾನಿಟರನ್ನು ಬಿಚ್ಚಬೇಕು, ಅದಕ್ಕೆ ಶಿವಮೊಗ್ಗಕ್ಕೆ ಒಯ್ಯಬೇಕಾಗಬಹುದು.

ವಿದ್ಯುತ್ ಖರ್ಚಿನ ಚಿಂತೆ ಬೇಡ. 24 ಇಂಚಿನ ಮಾನಿಟರ್ ಬಳಸುವುದು 20ರಿಂದ 30 ವ್ಯಾಟ್ ಮಾತ್ರ, ಹಳೆಯ 17 ಇಂಚಿನ ಡಬ್ಬಿ ಮಾನಿಟರಿನ ಮೂರನೇ ಒಂದು ಪಾಲಿನಷ್ಟು. ಮನೆಯ ಇನ್ವರ್ಟರ್ ಇದನ್ನು ನಿರಾಯಾಸವಾಗಿ ಹೊರುತ್ತದೆ; ಸೈನ್ ವೇವ್ ಬಗೆಯದಾದರೆ ಒಳ್ಳೆಯದು.

ಥಂಡಿ, ಹುಳು, ಹಲ್ಲಿ

ಆಗುಂಬೆ ತೀರ್ಥಹಳ್ಳಿ ತಾಲೂಕಿನದು, ಹುಲಿಕಲ್ಲು ಹೊಸನಗರದ್ದು. ಮಳೆಯ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಮಾನಿಟರುಗಳ ಕೈಪಿಡಿಯಲ್ಲಿ ಆರ್ದ್ರತೆಯ ಮಿತಿ ಸಾಮಾನ್ಯವಾಗಿ ಶೇ. 80 ಎಂದಿರುತ್ತದೆ, ಜುಲೈ ತಿಂಗಳ ಮಲೆನಾಡು ಆ ಮಿತಿಯನ್ನು ದಿನವೂ ದಾಟುತ್ತದೆ. ಹಾಗೆಂದು ಹೆದರಬೇಕಿಲ್ಲ. ನಿತ್ಯ ಒಂದೆರಡು ಗಂಟೆ ಚಾಲೂ ಇರುವ ಪರದೆ ತನ್ನ ಬಿಸಿಯಲ್ಲೇ ಒಣಗುತ್ತದೆ. ಮಕ್ಕಳು ಊರಿಗೆ ಬಂದಾಗ ಮಾತ್ರ ತೆರೆದು, ಉಳಿದ ದಿನ ಪ್ಲಾಸ್ಟಿಕ್ ಮುಸುಕು ಹೊದಿಸಿಡುವ ಮಾನಿಟರೇ ಬೇಗ ಕೆಡುವುದು. ಮುಸುಕು ಬೇಕಿದ್ದರೆ ಹತ್ತಿಯ ಬಟ್ಟೆ ಸಾಕು. ಗೋಡೆಗೆ ಒತ್ತಿ ಇಡದೆ ಒಂದು ಗೇಣು ಬಿಡಬೇಕು.

ಸಂಜೆ ದೀಪಕ್ಕೆ ಮುತ್ತುವ ಸಣ್ಣ ಹುಳುಗಳಲ್ಲಿ ತೀರ ಕಿರಿದಾದವು ಅಂಚಿನ ಸಂದಿನಿಂದ ಪ್ಯಾನೆಲಿನ ಪದರಗಳ ನಡುವೆ ನುಸುಳುವುದುಂಟು. ಬೆರಳಿನಿಂದ ಒತ್ತಿದರೆ ಹುಳು ಅಲ್ಲೇ ಸತ್ತು ಶಾಶ್ವತ ಚುಕ್ಕೆಯಾಗುತ್ತದೆ. ಪರದೆ ಆರಿಸಿ, ಪಕ್ಕದಲ್ಲಿ ಬೇರೆ ದೀಪ ಹಚ್ಚಿಟ್ಟರೆ ಅದು ತಾನಾಗಿ ಹೊರಬರುವ ಸಾಧ್ಯತೆ ಹೆಚ್ಚು. ಹಲ್ಲಿ, ಇರುವೆಗಳು ಹಿಂಬದಿಯ ಗಾಳಿಕಿಂಡಿಯಲ್ಲಿ ಸೇರುವುದೂ ಹೊಸತಲ್ಲ. ಹೊರಗಿನ ಅಡಾಪ್ಟರ್ ಇರುವ ಮಾದರಿಗೆ ಇದು ಇನ್ನೊಂದು ಕಾರಣ.

ವಾರಂಟಿಯ ಒಳಮಾತು

ಹಲವು ಕಂಪನಿಗಳು ಮೂರು ವರ್ಷದ ವಾರಂಟಿ ಕೊಡುತ್ತವೆ. ಸಿಡಿಲು, ವೋಲ್ಟೇಜ್ ಏರಿಕೆ, ಹುಳುಗಳಿಂದಾದ ಹಾನಿ ಸಾಮಾನ್ಯವಾಗಿ ಅದರ ಹೊರಗೆ. ಬೆಂಗಳೂರಿನಲ್ಲಿ ಕೊಂಡು ಊರಿಗೆ ಒಯ್ಯುವವರು ಕೇಳಬೇಕಾದ ಮೊದಲ ಪ್ರಶ್ನೆ: ಮನೆಗೇ ಬಂದು ದುರಸ್ತಿ ಮಾಡುವ ಸೌಲಭ್ಯ ಊರಿನ ಪಿನ್‌ಕೋಡ್‌ಗೆ ಅನ್ವಯಿಸುತ್ತದೆಯೇ? ಇಲ್ಲವಾದರೆ ಹತ್ತಿರದ ಸೇವಾ ಕೇಂದ್ರ ಎಲ್ಲಿದೆ? ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿ.ಮೀ. ಕಂಪನಿಯ ಹೆಸರಿಗಿಂತ ಈ ಉತ್ತರಕ್ಕೆ ಹೆಚ್ಚು ತೂಕ ಕೊಡಬೇಕು. ಸ್ವಲ್ಪ ಹೆಚ್ಚು ಕೊಟ್ಟಾದರೂ ಸಾಗರ, ತೀರ್ಥಹಳ್ಳಿ ಪೇಟೆಯ ಪರಿಚಿತ ಅಂಗಡಿಯಲ್ಲೇ ಕೊಂಡರೆ, ಕೆಟ್ಟಾಗ ಹೊತ್ತೊಯ್ಯುವ ಭಾರ ಅಂಗಡಿಯವರು ವಹಿಸಿಕೊಳ್ಳುವುದುಂಟು. ಬಿಐಎಸ್ ನೋಂದಣಿ ಗುರುತು ಹಿಂಬದಿಯ ಚೀಟಿಯಲ್ಲಿದೆಯೇ ಎಂದೂ ನೋಡಬೇಕು.

ಪೆಟ್ಟಿಗೆ ತೆರೆದೊಡನೆ ಪರದೆಯನ್ನು ಪೂರ್ತಿ ಕಪ್ಪು, ಬಳಿಕ ಪೂರ್ತಿ ಬಿಳಿ ಮಾಡಿ ಸತ್ತ ಪಿಕ್ಸೆಲ್ ಹುಡುಕಬೇಕು. ಒಂದೆರಡು ಚುಕ್ಕೆಗಳನ್ನು ದೋಷವೆಂದು ಒಪ್ಪದ ಕಂಪನಿಗಳೇ ಹೆಚ್ಚು. ಹಿಂದಿರುಗಿಸುವ ಅವಧಿಯೊಳಗೆ ಕಂಡರೆ ಮಾತ್ರ ಬದಲಿ ಸುಲಭ. ಆದುದರಿಂದ ಪೆಟ್ಟಿಗೆ, ಥರ್ಮಾಕೋಲು ಎರಡನ್ನೂ ಅಟ್ಟದ ಮೇಲೆ ಇಟ್ಟಿರಬೇಕು. ಬಸ್ಸಿನಲ್ಲಿ ತರುವಾಗ ಪೆಟ್ಟಿಗೆ ನೆಟ್ಟಗಿರಲಿ, ಮಲಗಿಸುವುದು ಬೇಡ. ಎ.ಸಿ. ಕಾರಿನಲ್ಲಿ ತಂಪಾಗಿ ಬಂದ ಮಾನಿಟರನ್ನು ಮಳೆಗಾಲದ ಮನೆಯಲ್ಲಿ ಕೂಡಲೇ ಚಾಲೂ ಮಾಡದೆ ಒಂದೆರಡು ಗಂಟೆ ಬಿಡುವುದು ಕ್ಷೇಮ. ಒಳಗೆ ಹನಿಗಟ್ಟಿದ ತೇವ ಅಷ್ಟರಲ್ಲಿ ಆರುತ್ತದೆ.

ಉಳಿದದ್ದು ಹಳೆಯ ಡಬ್ಬಿ ಮಾನಿಟರಿನ ಪ್ರಶ್ನೆ. ಅದರ ಗಾಜಿನಲ್ಲಿ ಸೀಸವಿದೆ. ತೋಟದ ಮೂಲೆಯ ಗುಂಡಿಗೆ ಎಸೆದರೆ ಆ ಸೀಸ ತೋಟದ ಮಣ್ಣನ್ನು ಸೇರಬಹುದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥವುಗಳ ವಿಲೇವಾರಿ ನೋಂದಾಯಿತ ಮರುಬಳಕೆದಾರರ ಮೂಲಕವೇ ಆಗಬೇಕು. ಹೊಸತನ್ನು ಕೊಳ್ಳುವಾಗಲೇ ಹಳೆಯದನ್ನು ತೆಗೆದುಕೊಳ್ಳುವಿರಾ ಎಂದು ಅಂಗಡಿಯಲ್ಲಿ ಕೇಳಬಹುದು.