ಬೆಂಕಿ ಉಗುಳಿದ ಆಂಟೆನಾ ಮತ್ತು ನಮ್ಮ ಮಹಡಿಯ ಬಿದಿರು

ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಆಫೀಸಿನ ಕೆಲಸದ ನಡುವೆ ಮುಂದಕ್ಕೆ ಹೋಗ್ತಾನೇ ಇತ್ತು. ಮೊನ್ನೆ ಪಕ್ಕದ ಮನೆಯ ಅಜ್ಜಿ ನಮ್ಮ ಮಹಡಿ ಕಡೆ ಬೆರಳು ತೋರಿಸಿ "ಅದೇನಪ್ಪಾ ಅದು, ಗಾಳಿಪಟಕ್ಕೆ ಕಾಗದ ಅಂಟಿಸೋದು ಮರೆತ್ಯಾ?" ಅಂತ ಕೇಳಿದ ಮೇಲೆ ಇನ್ನು ತಡಮಾಡೋದು ಬೇಡ ಅನ್ನಿಸಿತು :)

ಅಜ್ಜಿ ತೋರಿಸಿದ್ದು ನನ್ನ ಕ್ವಾಡ್ ಆಂಟೆನಾ. ನಾಲ್ಕು ಬಿದಿರು ಕೋಲುಗಳನ್ನು ಗುಣಾಕಾರ ಚಿಹ್ನೆಯ ಹಾಗೆ ಕಟ್ಟಿ, ತುದಿಗಳನ್ನು ಸುತ್ತಿ ಚೌಕಾಕಾರವಾಗಿ ತಂತಿ ಎಳೆದಿರೋದು. ಅಂಥದ್ದೇ ಇನ್ನೊಂದು ಅದರ ಹಿಂದೆ. ದೂರದಿಂದ ನೋಡಿದರೆ ನಿಜಕ್ಕೂ ಕಾಗದವಿಲ್ಲದ ಎರಡು ಗಾಳಿಪಟ!

ನಾನು ಹ್ಯಾಮ್. ಅಂದರೆ ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಮತ್ತು ಕರೆಸಂಕೇತ ಪಡೆದು, ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವ ಜಾತಿಗೆ ಸೇರಿದವನು. ಈ ಹವ್ಯಾಸದಲ್ಲಿ ರೇಡಿಯೋ ಪೆಟ್ಟಿಗೆಗಿಂತ ಆಂಟೆನಾನೇ ಮುಖ್ಯ. ಒಂದೇ ದಿಕ್ಕಿಗೆ ಶಕ್ತಿ ಕಳಿಸುವ ಆಂಟೆನಾ ಬೇಕು ಅಂದ್ರೆ ಸಾಮಾನ್ಯವಾಗಿ ಎರಡು ಆಯ್ಕೆ. ಒಂದು ಯಾಗಿ, ಹಿಂದೆ ಎಲ್ಲರ ಮನೆ ಮೇಲೂ ಟೀವಿಗಾಗಿ ಇರ್ತಿತ್ತಲ್ಲ, ಮೀನಿನ ಮುಳ್ಳಿನ ಥರದ್ದು. ಇನ್ನೊಂದು ಈ ಕ್ವಾಡ್.

ನಾನು ಕ್ವಾಡ್ ಕಟ್ತೀನಿ ಅಂದಾಗ ಹಿರಿಯ ಹ್ಯಾಮ್ ಒಬ್ಬರು "ಯಾಕೆ?" ಅಂದರು. "ಯಾಗಿಗಿಂತ 2 ಡೆಸಿಬೆಲ್ ಜಾಸ್ತಿ ಗೇನ್ ಸಾರ್" ಅಂತ ಎಲ್ಲೋ ಓದಿದ್ದನ್ನು ಒಪ್ಪಿಸಿದೆ. ಅವರು ನಕ್ಕು, "ಅದು ಹುಟ್ಟಿದ್ದು ಗೇನ್‌ಗೋಸ್ಕರ ಅಲ್ಲ. ಯಾಕೆ ಹುಟ್ಟಿತು ಅಂತ ತಿಳ್ಕೊಂಡು ಆಮೇಲೆ ಬಿದಿರು ತಗೋ" ಅಂದರು. ಸ್ವಲ್ಪ ಅವಮಾನವೇ ಆಯ್ತು ಅನ್ನಿ. ಇಂಜಿನಿಯರಿಂಗ್ ಓದಿದವನು ನಾನು, ಕಾರಣ ಗೊತ್ತಿಲ್ಲದೆ ಅಂಕಿ ಮಾತ್ರ ಹೇಳಿದ್ದೆ. ಹಾಗಾಗಿ ಹುಡುಕುತ್ತಾ ಹೋದೆ. ಕಥೆ ನನ್ನನ್ನು ಸೀದಾ ದಕ್ಷಿಣ ಅಮೆರಿಕಾಕ್ಕೆ ಕರಕೊಂಡು ಹೋಯ್ತು.

ಈಕ್ವೆಡಾರ್ ದೇಶದ ರಾಜಧಾನಿ ಕೀಟೋ. ಸಮಭಾಜಕ ವೃತ್ತದ ಹತ್ತಿರದಲ್ಲೇ ಇದ್ದರೂ ತಂಪಾದ ಊರು, ಕಾರಣ ಅದು ಆಂಡೀಸ್ ಪರ್ವತಗಳ ನಡುವೆ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಅಷ್ಟೇ. ಅದರ ತಲೆ ಮೇಲೆ ಇನ್ನೂ ಮುಕ್ಕಾಲು ಕಿಲೋಮೀಟರಿಗಿಂತ ಹೆಚ್ಚು ಏರಿದರೆ ಅಲ್ಲಿ ಕೀಟೋ! 1931ರ ಕ್ರಿಸ್‌ಮಸ್ ದಿನ ಈ ಊರಿನಿಂದ ಎಚ್‌ಸಿಜೆಬಿ ಅನ್ನುವ ಕ್ರೈಸ್ತ ಮಿಷನರಿ ರೇಡಿಯೋ ಕೇಂದ್ರ ಪ್ರಸಾರ ಶುರು ಮಾಡಿತು. ಶುರುವಿನಲ್ಲಿ ಸಣ್ಣ ಟ್ರಾನ್ಸ್‌ಮಿಟರ್. ಹತ್ತು ವರ್ಷ ಕಳೆಯೋದರೊಳಗೆ ಅವರ ಕೈಗೆ 10 ಕಿಲೋವ್ಯಾಟಿನ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಬಂತು. ಅದಕ್ಕೆ ಯಾಗಿ ಥರದ ದೊಡ್ಡ ದಿಕ್ಕಿನ ಆಂಟೆನಾ ಜೋಡಿಸಿದರು.

ತೊಂದರೆ ಶುರುವಾಗಿದ್ದು ಅಲ್ಲೇ. ಆಂಟೆನಾದ ತುದಿಗಳು ಹೊತ್ತಿ ಉರಿಯತೊಡಗಿದವು! ಕತ್ತಲಲ್ಲಿ ಪ್ರತಿ ತುದಿಯಲ್ಲೂ ಬೆಂಕಿಯ ಕಿರೀಟ. ಅಲ್ಯೂಮಿನಿಯಂ ಕೊಳವೆ ಕಾದು, ಕರಗಿ, ತುಂಡು ತುಂಡಾಗಿ ಕೆಳಗೆ ಬೀಳ್ತಿತ್ತಂತೆ. ಇದಕ್ಕಿಂತ ಮಜಾ ಏನಂದ್ರೆ ಆ ಬೆಂಕಿ ಹಾಡ್ತಿತ್ತು. ರೇಡಿಯೋ ಸೆಟ್ಟೇ ಇಲ್ಲದೆ, ಸುತ್ತಮುತ್ತ ಇದ್ದವರಿಗೆ ಕಾರ್ಯಕ್ರಮ ಆಂಟೆನಾದ ತುದಿಯಿಂದಲೇ ಕೇಳಿಸ್ತಿತ್ತು.

ಇದು ಪವಾಡ ಅಲ್ಲ, ಫಿಸಿಕ್ಸ್. ಸ್ವಲ್ಪ ವಿವರಿಸ್ತೀನಿ, ಬೋರ್ ಹೊಡೆಸಲ್ಲ.

ಆಂಟೆನಾ ಕೊಳವೆಯ ಮಧ್ಯದಲ್ಲಿ ವಿದ್ಯುತ್ ಪ್ರವಾಹ ಹೆಚ್ಚು, ತುದಿಗಳಲ್ಲಿ ವೋಲ್ಟೇಜ್ ಹೆಚ್ಚು. ತುದಿ ಅಂದ್ರೆ ಬಸ್ಸಿನ ಲಾಸ್ಟ್ ಸ್ಟಾಪ್ ಇದ್ದ ಹಾಗೆ. ಮುಂದೆ ದಾರಿಯಿಲ್ಲ, ಬಂದವರೆಲ್ಲ ಅಲ್ಲೇ ಗುಂಪುಗೂಡಬೇಕು. ಹಾಗೆ ಗುಂಪುಗೂಡಿದ ವಿದ್ಯುದಂಶ ಸುತ್ತಲಿನ ಗಾಳಿಯನ್ನೇ ಸೀಳಿ ಹೊರಗೆ ಸೋರುತ್ತೆ. ಇದಕ್ಕೆ ಕರೋನಾ ಅಂತ ಹೆಸರು (ಆ ಕರೋನಾ ಅಲ್ಲ, ಹೆದರಬೇಡಿ :)). ಜಿಟಿಜಿಟಿ ಮಳೇಲಿ ಹೈಟೆನ್ಷನ್ ಲೈನ್ ಕೆಳಗೆ ನಿಂತರೆ ಸುಂಯ್ ಅಂತ ಕೇಳುತ್ತಲ್ಲ, ಅದೇ ಇದು. ಕೀಟೋದ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಸುಮಾರು ಮುಕ್ಕಾಲು ಭಾಗ ಮಾತ್ರ. ತೆಳು ಗಾಳಿಯನ್ನು ಸೀಳೋದು ಸುಲಭ. ಕರಾವಳಿಯಲ್ಲಿ ಏನೂ ತೊಂದರೆ ಕೊಡದೆ ಇರಬಹುದಾದ ವೋಲ್ಟೇಜು ಅಲ್ಲಿ ಜ್ವಾಲೆಯಾಗಿಬಿಡ್ತಿತ್ತು.

ಹಾಡಿನ ಗುಟ್ಟೂ ಇಷ್ಟೇ. ಎಎಂ ಪ್ರಸಾರದಲ್ಲಿ ಧ್ವನಿಯ ಏರಿಳಿತಕ್ಕೆ ತಕ್ಕಂತೆ ತರಂಗದ ಶಕ್ತಿ ಏರಿಳಿಯುತ್ತೆ. ಬೆಂಕಿಯೂ ಹಾಗೇ ಹಿಗ್ಗಿ ಕುಗ್ಗುತ್ತೆ, ಅದರ ಜೊತೆಗೆ ಸುತ್ತಲಿನ ಗಾಳಿ. ಗಾಳಿ ಹಿಗ್ಗಿ ಕುಗ್ಗಿದರೆ ಅದೇ ಶಬ್ದ. ತುದಿಯೇ ಸ್ಪೀಕರ್!

ಈಗ ಕಥಾನಾಯಕನ ಪ್ರವೇಶ. ಕೇಂದ್ರದ ಇಂಜಿನಿಯರ್ ಕ್ಲಾರೆನ್ಸ್ ಮೂರ್. ಅಮೆರಿಕಾದವರು, ಹ್ಯಾಮ್ ಕೂಡ, ಕರೆಸಂಕೇತ ಡಬ್ಲ್ಯೂ9ಎಲ್‌ಝಡ್‌ಎಕ್ಸ್. ಚೂಪಾದ ತುದಿಯಿಂದ ಸೋರಿಕೆ ಹೆಚ್ಚು ಅನ್ನೋದು ಅವರಿಗೆ ಗೊತ್ತಿತ್ತು. ಹಾಗಾಗಿ ತುದಿಗಳಿಗೆ ತಾಮ್ರದ ಗುಂಡುಗಳನ್ನು ಸಿಕ್ಕಿಸಿ ನೋಡಿದರು. ಗುಂಡು ಸಿಕ್ಕಿಸಿದರೆ ಕೊಳವೆಯ ಉದ್ದ ಹೆಚ್ಚಿಸಿದ ಹಾಗೆ, ಶ್ರುತಿಯೂ ಕೆಡುತ್ತೆ. ಸಮಸ್ಯೆ ಬಗೆಹರೀಲಿಲ್ಲ. ನಾವೂ ಕೋಡಿನಲ್ಲಿ ಇದನ್ನೇ ಮಾಡ್ತೀವಲ್ವಾ? ಬಗ್ ಎಲ್ಲಿ ಕಾಣಿಸುತ್ತೋ ಅಲ್ಲೇ ಒಂದು ತೇಪೆ!

1942ರಲ್ಲಿ ಅವರು ಕರಾವಳಿಗೆ ರಜೆಗೆ ಹೋದವರು ಒಂದು ರಾಶಿ ಪುಸ್ತಕ ಹೊತ್ತುಕೊಂಡು ಹೋದರಂತೆ. ಮಿಷನರಿ ಮನುಷ್ಯ, ಪುಸ್ತಕದ ಜೊತೆ ಪ್ರಾರ್ಥನೆಯೂ ಇತ್ತು. ಅಲ್ಲಿ ಹೊಳೆದ ಪ್ರಶ್ನೆ ಬಹಳ ಸರಳ. ತುದಿಯಿಂದಲೇ ಇಷ್ಟೆಲ್ಲಾ ರಗಳೆ ಅಂದ್ರೆ, ತುದಿಯೇ ಇಲ್ಲದ ಆಂಟೆನಾ ಯಾಕಿರಬಾರದು? ಮಡಿಚಿದ ಡೈಪೋಲ್ ಅನ್ನುವ ಆಂಟೆನಾ ಆಗಲೇ ಇತ್ತು, ಉದ್ದಕ್ಕೆ ಎರಡು ತಂತಿ, ತುದಿಗಳಲ್ಲಿ ಒಂದಕ್ಕೊಂದು ಸೇರಿಕೊಂಡದ್ದು. ಅದರ ನಡುವನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆದು ಅಗಲಿಸಿದರೆ ಒಂದು ಚೌಕ. ಪ್ರತಿ ಬದಿ ತರಂಗಾಂತರದ ಕಾಲು ಭಾಗ, ಒಟ್ಟು ಸುತ್ತಳತೆ ಒಂದು ತರಂಗಾಂತರ. ಲಾಸ್ಟ್ ಸ್ಟಾಪ್ ಇಲ್ಲದ ರಿಂಗ್ ರೋಡ್ ಬಸ್ಸು! ಚೌಕದಲ್ಲೂ ವೋಲ್ಟೇಜ್ ಹೆಚ್ಚಿರುವ ಜಾಗ ಇದ್ದೇ ಇದೆ, ಆದರೆ ಅದು ತಂತಿಯ ನಡುವೆ ಬರುತ್ತೆ, ಬರಿದಾದ ತುದಿಯಲ್ಲಿ ಅಲ್ಲ. ವಾಪಸ್ ಬಂದು ಕಟ್ಟಿದರು. ಬೆಂಕಿ ನಿಂತಿತು.

ಆಮೇಲೆ ಮೂರ್ ಅವರಿಗೆ ಇದರ ಮೇಲೆ 1951ರಲ್ಲಿ ಅಮೆರಿಕಾದ ಪೇಟೆಂಟ್ ಸಿಕ್ಕಿತು. ಧ್ವನಿ ಉಪಕರಣಗಳ ಕೆಲಸ ಮಾಡುವವರಿಗೆ ಕ್ರೌನ್ ಆಂಪ್ಲಿಫೈಯರ್ ಗೊತ್ತಿರುತ್ತೆ. ಇಂಡಿಯಾನಾದ ಎಲ್ಕಾರ್ಟ್‌ನಲ್ಲಿ 1947ರಲ್ಲಿ ಆ ಕಂಪನಿಯ ಬೀಜ ಬಿತ್ತಿದವರೂ ಇವರೇ. ಕೀಟೋದ ಬೆಂಕಿಯ ಕಥೆ ಹ್ಯಾಮ್‌ಗಳ ಬಾಯಲ್ಲಿ ಉಳಿದಿರೋದು ಹೆಚ್ಚಾಗಿ ವಿಲಿಯಂ ಆರ್ ಅವರಿಂದ. ಅವರು 1959ರಲ್ಲಿ ಕ್ವಾಡ್ ಆಂಟೆನಾ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು. ಕಥೆಯನ್ನು ರಸವತ್ತಾಗಿ ಹೇಳಿದ್ದಾರೆ, ಹಾಗಾಗಿ ಬಣ್ಣ ಸ್ವಲ್ಪ ಜಾಸ್ತಿ ಇದ್ದರೂ ಇರಬಹುದು. ಆದರೆ ಫಿಸಿಕ್ಸ್ ಪೂರ್ತಿ ಸರಿಯಾಗಿದೆ.

ಅಂದ ಹಾಗೆ ಎದುರಾಳಿ ಯಾಗಿಯ ಕಥೆಯೂ ಕಮ್ಮಿ ಇಲ್ಲ. ಜಪಾನಿನ ಸೆಂಡಾಯ್ ಊರಿನ ವಿಶ್ವವಿದ್ಯಾಲಯದಲ್ಲಿ 1926ರ ಹೊತ್ತಿಗೆ ಅದನ್ನು ರೂಪಿಸಿದವರು ಶಿಂತಾರೋ ಉಡಾ ಮತ್ತು ಅವರ ಪ್ರೊಫೆಸರ್ ಹಿದೆತ್ಸುಗು ಯಾಗಿ. ಹೆಚ್ಚು ಕೆಲಸ ಉಡಾದು, ಆದರೆ 1928ರಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಯಾಗಿ. ಜಗತ್ತು ನೆನಪಿಟ್ಟುಕೊಂಡಿದ್ದು ಒಂದೇ ಹೆಸರು (ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಇದು ನಮಗೂ ಹೊಸದಲ್ಲ ಬಿಡಿ). 1942ರಲ್ಲಿ ಜಪಾನಿ ಸೇನೆ ಸಿಂಗಾಪುರ ಹಿಡಿದಾಗ ಬ್ರಿಟಿಷರ ರೇಡಾರ್ ಟಿಪ್ಪಣಿಗಳು ಸಿಕ್ಕವು. ಅದರಲ್ಲಿ 'ಯಾಗಿ' ಅನ್ನುವ ಪದ ಮತ್ತೆ ಮತ್ತೆ ಬರ್ತಿತ್ತು. ಇದೇನು ಅಂತ ಯುದ್ಧಕೈದಿಯೊಬ್ಬನನ್ನು ಕೇಳಿದರೆ, ಅದು ನಿಮ್ಮದೇ ದೇಶದ ಪ್ರೊಫೆಸರ್ ಹೆಸರು ಅಂದನಂತೆ! ಒಂದೇ ವರ್ಷ ನೋಡಿ. ಸಿಂಗಾಪುರದಲ್ಲಿ ಜಪಾನಿಯರಿಗೆ ತಮ್ಮದೇ ಯಾಗಿಯ ಪರಿಚಯ, ಕೀಟೋದಲ್ಲಿ ಅದೇ ಯಾಗಿಯನ್ನು ಬಿಟ್ಟು ಹೊಸ ದಾರಿ.

ಈಗ ನನ್ನ 2 ಡೆಸಿಬೆಲ್ ವಿಷಯ. ಕ್ವಾಡ್ ಹ್ಯಾಮ್‌ಗಳ ಕೈಗೆ ಬಂದ ಮೇಲೆ ಅದರ ಸುತ್ತ ದಂತಕಥೆ ಬೆಳೀತು. ಕಮ್ಮಿ ಎತ್ತರದಲ್ಲೂ ಅದ್ಭುತ, ಬ್ಯಾಂಡನ್ನು ಎಲ್ಲರಿಗಿಂತ ಮೊದಲು ತೆರೆಯುತ್ತೆ, ಹೀಗೆಲ್ಲಾ. 1960ರ ದಶಕದ ಕೊನೆಯಲ್ಲಿ ಪ್ರಕಟವಾದ ಅಳತೆಗಳು ಅಷ್ಟೇ ಉದ್ದದ ಯಾಗಿಗಿಂತ 2 ಡೆಸಿಬೆಲ್ ಮೇಲು ಅಂತ ಹೇಳಿದವು. ಆಮೇಲೆ ಕಂಪ್ಯೂಟರ್ ಮಾಡೆಲಿಂಗ್ ಬಂತು. ಲೆಕ್ಕ ಹಾಕಿದರೆ ಒಂಟಿ ಚೌಕ ಡೈಪೋಲಿಗಿಂತ ಒಂದು ಡೆಸಿಬೆಲ್ ಚಿಲ್ಲರೆ ಮೇಲು. ಎರಡು ಅಂಶದ ಯಾಗಿಗೆ ಎದುರಾಗಿ ಎರಡು ಅಂಶದ ಕ್ವಾಡ್ ಇಟ್ಟರೂ ಲಾಭ ಸುಮಾರು ಅಷ್ಟೇ. ಅಂಶಗಳು ಹೆಚ್ಚಿದಂತೆ ಆ ಲಾಭವೂ ಕಮ್ಮಿಯಾಗುತ್ತಾ ಹೋಗುತ್ತೆ. ಎತ್ತರದ ವಿಷಯದಲ್ಲಂತೂ ಇಬ್ಬರಿಗೂ ಒಂದೇ ನಿಯಮ.

ಮೂರ್ ಹುಡುಕಿದ್ದು ಬೆಂಕಿಗೆ ಉತ್ತರ. ನಾವು ಅದನ್ನು ಗೇನ್‌ಗೆ ಉತ್ತರ ಅಂತ ಓದಿಕೊಂಡ್ವಿ. ನನ್ನ ರೇಡಿಯೋ 100 ವ್ಯಾಟು, ಬೆಂಗಳೂರು ಹತ್ತಿರ ಹತ್ತಿರ 900 ಮೀಟರು. ನನ್ನ ಆಂಟೆನಾದ ತುದಿಯಲ್ಲಿ ಬೆಂಕಿ ಹೊತ್ತೋದಿರಲಿ, ಸೊಳ್ಳೆನೂ ಸಾಯಲ್ಲ. ಹಾಗಿದ್ದರೆ ನನಗೆ ಕ್ವಾಡ್ ಯಾಕೆ?

ಯೋಚಿಸಿದಾಗ ಸಿಕ್ಕ ನಿಜವಾದ ಕಾರಣಗಳು ಬೇರೆಯೇ. ಯಾಗಿಗೆ ಒಳ್ಳೆ ಅಲ್ಯೂಮಿನಿಯಂ ಕೊಳವೆ ಬೇಕು, ದುಬಾರಿ. ಕ್ವಾಡಿಗೆ ಬಿದಿರು ಮತ್ತು ತಂತಿ ಸಾಕು. 10 ಮೀಟರ್ ಬ್ಯಾಂಡಿನ ಯಾಗಿ ಐದು ಮೀಟರಿಗೂ ಹೆಚ್ಚು ಅಗಲ, ಪಕ್ಕದವರ ಮಹಡಿಗೆ ಕೈ ಚಾಚುತ್ತೆ. ಕ್ವಾಡ್ ಅದರ ಅರ್ಧ ಅಗಲ. ಇನ್ನು ನಷ್ಟ? ಗಾಳಿಗೆ ಮೈಯೊಡ್ಡಿ ನಿಲ್ಲುತ್ತೆ, ಮೂರು ಆಯಾಮದಲ್ಲಿ ಹರಡಿಕೊಂಡಿರೋದರಿಂದ ಏರಿಸೋದು ತಲೆನೋವು, ಬಿದಿರು ಮಳೆ ಬಿಸಿಲಿಗೆ ಸೀಳುತ್ತೆ. ಇಷ್ಟು ಗೊತ್ತಾದ ಮೇಲೂ ಕ್ವಾಡನ್ನೇ ಆರಿಸಿದೆ. ಆದರೆ ಈ ಸಲ ಕಾರಣ ನನ್ನದು.

ಕಟ್ಟುವವರಿಗೆ ಉಪಯೋಗ ಆಗಲಿ ಅಂತ ಲೆಕ್ಕ ಕೊಡ್ತೀನಿ. ಮುಂದಿನ ಚೌಕದ ಸುತ್ತಳತೆ ಅಡಿಗಳಲ್ಲಿ ಬೇಕಾದರೆ 1005ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. ಹಿಂದಿನ ಪ್ರತಿಫಲಕಕ್ಕೆ 1030. 28.5 ಮೆಗಾಹರ್ಟ್ಸ್‌ಗೆ ಇದು ಸುಮಾರು 10.75 ಮೀಟರ್ ಮತ್ತು 11 ಮೀಟರ್. ಬದಿ ಸುಮಾರು 2.7 ಮೀಟರ್, ಹಾಗಾಗಿ ಮಧ್ಯದಿಂದ ಮೂಲೆಗೆ 1.9 ಮೀಟರ್. ಎರಡು ಮೀಟರಿನ ಎಂಟು ಬಿದಿರು ಕೋಲು ಸಾಕು. ಕೆಳಗಿನ ಬದಿಯ ಮಧ್ಯಕ್ಕೆ ಕೇಬಲ್ ಜೋಡಿಸಿದರೆ ತರಂಗ ಅಡ್ಡವಾಗಿ ಧ್ರುವೀಕರಣ ಆಗುತ್ತೆ. ಚೌಕದ ಪ್ರತಿರೋಧ 100 ಓಮ್ ಆಸುಪಾಸು, ರೇಡಿಯೋದ್ದು 50. ನಡುವೆ ಕಾಲು ತರಂಗಾಂತರದಷ್ಟು 75 ಓಮ್ ಟೀವಿ ಕೇಬಲ್ ಹಾಕಿದರೆ ಜೋಡಿ ಕೂಡುತ್ತೆ. ಗಟ್ಟಿ ಪಾಲಿಥೀನ್ ಇರುವ ಕೇಬಲ್ ಆದರೆ ಅದು 1.74 ಮೀಟರ್.

ಮತ್ತೆ ನಾನು ಮಾಡಿದ ತಪ್ಪು. ಈ ಸೂತ್ರ ಬರಿ ತಾಮ್ರದ ತಂತಿಗೆ. ನಾನು ಹಾಕಿದ್ದು ಮನೆ ವೈರಿಂಗಿನ ಪ್ಲಾಸ್ಟಿಕ್ ಹೊದಿಕೆಯ ವೈರು. ಹೊದಿಕೆಯಿಂದಾಗಿ ತಂತಿ ರೇಡಿಯೋ ತರಂಗಕ್ಕೆ ಇನ್ನೂ ಉದ್ದವಾಗಿ ಕಾಣುತ್ತೆ. ಅಳೆದು ನೋಡಿದರೆ ಅನುರಣನ 27.7ರ ಹತ್ತಿರ, ಬ್ಯಾಂಡಿನಿಂದಲೇ ಹೊರಗೆ! ಎರಡೂ ಚೌಕಗಳಿಂದ 30 ಸೆಂಟಿಮೀಟರಿನಷ್ಟು ಕತ್ತರಿಸಬೇಕಾಯ್ತು. ಸೂತ್ರ ಯಾವುದಕ್ಕೆ ಅಂತ ಕೇಳದೆ ಬಳಸಿದ್ದು, 2 ಡೆಸಿಬೆಲ್ ಕಥೆಯೇ ಮತ್ತೊಮ್ಮೆ.

ಎಚ್‌ಸಿಜೆಬಿ ಮುಂದೆ ಕೀಟೋದ ಹೊರಗಿನ ಪೀಫೋ ಅನ್ನುವ ಊರಲ್ಲಿ ಆಂಟೆನಾಗಳ ತೋಪನ್ನೇ ಬೆಳೆಸಿತು, 500 ಕಿಲೋವ್ಯಾಟಿನ ಟ್ರಾನ್ಸ್‌ಮಿಟರ್ ಕೂಡ ಅಲ್ಲಿತ್ತು. ಆಮೇಲೆ ಹತ್ತಿರದಲ್ಲೇ ಹೊಸ ವಿಮಾನ ನಿಲ್ದಾಣ ಬಂತು, ಗೋಪುರಗಳು ಇಳಿಯಬೇಕಾಯ್ತು. 2009ರಲ್ಲಿ ಪೀಫೋದ ಶಾರ್ಟ್‌ವೇವ್ ಪ್ರಸಾರ ನಿಂತುಹೋಯ್ತು. ಆ ಬೆಟ್ಟದ ತೆಳು ಗಾಳಿಗಾಗಿ ಹುಟ್ಟಿದ ಚೌಕ ಮಾತ್ರ ಊರೂರಿನ ಮಹಡಿಗಳ ಮೇಲೆ ಬಿದಿರು ಹಿಡಿದುಕೊಂಡು ನಿಂತಿದೆ, ಆ ಬೆಟ್ಟವನ್ನು ನೋಡದ ನನ್ನಂಥವರ ಕೈಯಲ್ಲಿ.

ಬೆಂಗಳೂರಿನಿಂದ ಕೀಟೋ ಸುಮಾರು 17,000 ಕಿಲೋಮೀಟರ್. ಈಕ್ವೆಡಾರಿನ ಹ್ಯಾಮ್ ಇನ್ನೂ ನನಗೆ ಸಿಕ್ಕಿಲ್ಲ. ಕಳೆದ ವಾರದ ಗಾಳಿಗೆ ಒಂದು ಬಿದಿರು ಸೀಳಿದೆ, ಭಾನುವಾರ ಹೊಸದು ಕಟ್ಟಬೇಕು. ಅಜ್ಜಿಗೆ ಈ ಕಥೆಯೆಲ್ಲಾ ಹೇಳಿದೆ. ಕೊನೆಯವರೆಗೂ ಕೇಳಿ, "ಅಂತೂ ಬಟ್ಟೆ ಒಣಗಿಸೋಕೆ ಬರಲ್ಲ ಅನ್ನು" ಅಂದರು :)