ಕಾರ್ಬಮೇಟ್: ಒಳಗೆ ಹೋದದ್ದು, ಹೊರಗೆ ಬಂದದ್ದು

ಕಾರ್ಬಮೇಟ್ ಕೀಟನಾಶಕಗಳ ಮಾತು ಬಂದಾಗ ನಮ್ಮ ತರಬೇತಿ ಶಿಬಿರಗಳಲ್ಲಿ ಒಂದು ಸಮಾಧಾನ ಸಲೀಸಾಗಿ ಕೇಳಿಬರುತ್ತದೆ: 'ಡಿಡಿಟಿ ಹಾಗೆ ಕೊಬ್ಬಿನಲ್ಲಿ ಕೂರುವುದಿಲ್ಲ, ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತದೆ.' ಸುಳ್ಳಲ್ಲ. ಆದರೆ ಮೂತ್ರಕ್ಕೆ ಬರುವ ಮೊದಲು ಆ ವಿಷ ಏನೇನು ವೇಷ ಹಾಕಿತು ಎಂಬುದು ಆ ಸಮಾಧಾನದಲ್ಲಿಲ್ಲ.

ಶುರುವಿನ ಕಥೆ ಚಿಕ್ಕದು. ಪಶ್ಚಿಮ ಆಫ್ರಿಕದ ಕ್ಯಾಲಬಾರ್ ಬೀಜದಿಂದ 1864ರಲ್ಲಿ ಫೈಸೊಸ್ಟಿಗ್ಮಿನ್ ಬೇರ್ಪಟ್ಟಿತು; 1925ರಲ್ಲಿ ಅದರ ರಚನೆ ತಿಳಿದು ಅದೂ ಒಂದು ಕಾರ್ಬಮೇಟ್ ಎಂದಾಯಿತು; 1950ರ ದಶಕದ ಕೊನೆಗೆ ಯೂನಿಯನ್ ಕಾರ್ಬೈಡ್‌ನ ಕಾರ್ಬರಿಲ್, ಅಂದರೆ 'ಸೆವಿನ್', ಹೊಲಕ್ಕಿಳಿಯಿತು. ನೀರು ಸೇರಿ ಎಸ್ಟರ್ ಬಂಧ ಮುರಿದರೆ 1-ನ್ಯಾಫ್ಥಾಲ್ ಉಳಿಯುತ್ತದೆ, ಅಲ್ಲಿಗೆ ವಿಷ ಮುಗಿಯಿತು ಎಂಬುದೇ ಆಗಿನ ಸುಲಭದ ಎಣಿಕೆ.

ಅದನ್ನು ಕೆಡಿಸಿದ್ದು ವಿಸ್ಕಾನ್ಸಿನ್‌ನಲ್ಲಿದ್ದ ಜಾನ್ ಕಸೀಡಾ ಅವರ ಬಳಗ. ಈ ವಿಷಯದಲ್ಲಿ ನಾನು ಆ ಪರಂಪರೆಯವನೇ, ಮುಚ್ಚಿಡುವುದಿಲ್ಲ. ಅವರ ಕಾಲದ ಉಪಾಯ ಈಗಲೂ ಪಾಠ ಹೇಳುವಷ್ಟು ಚೆನ್ನಾಗಿದೆ. ಕಾರ್ಬರಿಲ್ ಅಣುವಿನಲ್ಲಿ ವಿಕಿರಣಶೀಲ ಇಂಗಾಲ-14 ಅನ್ನು ಒಮ್ಮೆ ನ್ಯಾಫ್ಥೈಲ್ ಉಂಗುರದಲ್ಲಿ, ಒಮ್ಮೆ ಕಾರ್ಬೊನಿಲ್‌ನಲ್ಲಿ, ಒಮ್ಮೆ ಮೀಥೈಲ್‌ನಲ್ಲಿ ಇಡುವುದು. ಇಲಿಯನ್ನು ಗಾಜಿನ ಪಂಜರದಲ್ಲಿ ಬಿಟ್ಟು ಅದರ ಉಸಿರನ್ನು ಕ್ಷಾರದ ಮೂಲಕ ಹಾಯಿಸುವುದು. ಕಾರ್ಬೊನಿಲ್‌ನ ಇಂಗಾಲ ಕ್ಷಾರದಲ್ಲಿ ಸಿಕ್ಕಿದರೆ ಬಂಧ ಮುರಿದಿದೆ. ಮೂತ್ರದಲ್ಲಿ ಸಿಕ್ಕಿದರೆ? ಬಂಧ ಹಾಗೇ ಇರಬಹುದು.

ಹಾಗೇ ಇತ್ತು. 1964ರಲ್ಲಿ ಡೊರೊ ಮತ್ತು ಕಸೀಡಾ ಪ್ರಕಟಿಸಿದ ಕೆಲಸದಲ್ಲಿ ಉಂಗುರಕ್ಕೂ ಮೀಥೈಲ್‌ಗೂ ಆಮ್ಲಜನಕ ಅಂಟಿಕೊಂಡ, ಆದರೆ ಕಾರ್ಬಮೇಟ್ ಭಾಗ ಉಳಿದೇ ಇರುವ ವಸ್ತುಗಳು ಕಾಣಿಸಿದವು. ಯಕೃತ್ತಿನ ಕಿಣ್ವಗಳು ಇವಕ್ಕೆ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಕಟ್ಟಿ ನೀರಿನಲ್ಲಿ ಕರಗುವಂತೆ ಮಾಡಿ ಕಳಿಸುತ್ತವೆ. ನಾಕ್ ಮತ್ತು ಸಂಗಡಿಗರು ಪ್ರಾಣಿಗಳನ್ನು ಹೋಲಿಸಿ ನೋಡಿದಾಗ ಹಂದಿ, ಕೋತಿಗಳಲ್ಲಿ ಬಂಧ ಮುರಿಯುವುದೇ ತೀರಾ ಕಡಿಮೆ ಎಂದಾಯಿತು. ಇಲಿಯ ಲೆಕ್ಕವನ್ನು ಎಲ್ಲ ಪ್ರಾಣಿಗೂ ಹಚ್ಚುವ ಚಟ ಅಲ್ಲಿಗೇ ನಿಲ್ಲಬೇಕಿತ್ತು.

ಇನ್ನೊಂದು ಕಾರ್ಬಮೇಟ್, ಆಲ್ಡಿಕಾರ್ಬ್, ಇನ್ನೂ ಮುಂದೆ ಹೋಯಿತು. ಅದರ ಗಂಧಕಕ್ಕೆ ಆಮ್ಲಜನಕ ಸೇರಿ ಆಗುವ ಸಲ್ಫಾಕ್ಸೈಡ್, ಈ ವಿಷಗಳ ಗುರಿಯಾದ ನರದ ಕಿಣ್ವ ಅಸಿಟೈಲ್‌ಕೊಲಿನೆಸ್ಟರೇಸನ್ನು ಮೂಲ ವಿಷಕ್ಕಿಂತ ಬಲವಾಗಿ ತಡೆಯುತ್ತದೆ. ಕಾರ್ಬೋಫ್ಯುರಾನ್‌ನಿಂದಾಗುವ 3-ಹೈಡ್ರಾಕ್ಸಿ ರೂಪವೂ ವಿಷವೇ. ಮುಂದೆ ಕೆಂಟಕಿಯಲ್ಲಿ ಡೊರೊ ತೋರಿಸಿದಂತೆ, ಗ್ಲುಕುರೋನಿಕ್ ಆಮ್ಲ ಕಟ್ಟಿಕೊಂಡು ಪಿತ್ತರಸದಲ್ಲಿ ಕರುಳಿಗೆ ಇಳಿದದ್ದು ಮಲದಲ್ಲಿ ಹೋಗದೆ ಬಹುಮಟ್ಟಿಗೆ ಮತ್ತೆ ರಕ್ತಕ್ಕೆ ಏರುತ್ತದೆ.

ಆಮೇಲೆ ಫ್ಯಾಷನ್ ಬದಲಾಯಿತು. ಈಗ ಮನುಷ್ಯರ ಮೂತ್ರದಲ್ಲಿ 1-ನ್ಯಾಫ್ಥಾಲ್ ಅಳೆದು ಕಾರ್ಬರಿಲ್ ಸೋಂಕಿದೆ ಎನ್ನುವ ಪ್ರಬಂಧಗಳು ಹೇರಳ. ಬೀರುವಿನ ನುಸಿ ಗುಳಿಗೆಯ ನ್ಯಾಫ್ಥಲೀನ್‌ನಿಂದಲೂ, ಬೀಡಿ ಸಿಗರೇಟಿನ ಹೊಗೆಯಿಂದಲೂ ಅದೇ ವಸ್ತು ಬರುತ್ತದೆ. 2018ರಲ್ಲಿ ಭಾರತದಲ್ಲಿ ಕಾರ್ಬರಿಲ್ ನಿಷೇಧವಾದ ಮೇಲಂತೂ ಆ ಅಂಕಿಗಳನ್ನು ಇನ್ನಷ್ಟು ಅನುಮಾನದಿಂದ ಓದಬೇಕು.

ನಮ್ಮ ಕೊಟ್ಟಿಗೆಗೆ ಬೇಕಾದದ್ದು ಬೇರೆ. ಬಾಯಿಂದ ಜೊಲ್ಲು ಸುರಿಸಿ, ಮೈ ನಡುಗಿ, ಕಣ್ಣಿನ ಪಾಪೆ ಕಿರಿದಾಗಿ ಸತ್ತ ಎಮ್ಮೆ. ಪಕ್ಕದ ಬಾಳೆತೋಟಕ್ಕೆ ಹಿಂದಿನ ದಿನ ಫ್ಯೂರಡಾನ್, ಅಂದರೆ ಕಾರ್ಬೋಫ್ಯುರಾನ್, ಹರಳು ಹಾಕಿದ್ದಾರೆ. ಆದರೂ ವರದಿ ಬರುವುದು 'ವಿಷ ಪತ್ತೆಯಾಗಿಲ್ಲ' ಎಂದು. ಯಕೃತ್ತಿನಲ್ಲಿ ಹುಡುಕಿದ್ದು ಮೂಲ ಕಾರ್ಬೋಫ್ಯುರಾನ್ ಒಂದನ್ನೇ. ಇನ್ನು ಬದುಕುಳಿದ ಎಮ್ಮೆಯ ರಕ್ತ ಬಿಸಿಲಲ್ಲಿ ಬಸ್ಸೇರಿ ಬರುವಷ್ಟರಲ್ಲಿ, ಕಾರ್ಬಮೇಟ್ ಕಳಚಿಕೊಂಡ ಕಿಣ್ವ ಸೀಸೆಯೊಳಗೇ ಚೇತರಿಸಿಕೊಂಡು 'ಕೊಲಿನೆಸ್ಟರೇಸ್ ಸಹಜ' ಎಂದು ತೋರಿಸುತ್ತದೆ. ಮಂಜುಗಡ್ಡೆಯಲ್ಲಿಟ್ಟು ಬೇಗ ಅಳೆದಿದ್ದರೆ ಬೇರೆ ಅಂಕಿ ಬರುತ್ತಿತ್ತು.

ಇಲಿ, ನಾಯಿ, ಹಂದಿ, ಕುರಿ, ಕೋತಿ, ಮನುಷ್ಯ: ನನ್ನ ಪೀಳಿಗೆ ಓದಿ ಬೆಳೆದ ಕೋಷ್ಟಕಗಳಲ್ಲಿ ಎಮ್ಮೆಗೆ ಸಾಲಿರಲಿಲ್ಲ. ಒಂದು ಪ್ರಯೋಗಾಲಯಕ್ಕೆ 3-ಹೈಡ್ರಾಕ್ಸಿ ಕಾರ್ಬೋಫ್ಯುರಾನ್‌ನ ಶುದ್ಧ ಮಾದರಿಯನ್ನಾದರೂ ತರಿಸಿಕೊಳ್ಳಿ ಎಂದು ಬರೆದೆ. ಖರೀದಿಯ ಪಟ್ಟಿಯಲ್ಲಿ ಆ ಹೆಸರಿಲ್ಲ ಎಂದು ಉತ್ತರ ಬಂತು.